ಸಾಕಪ್ಪಾ ಸಾಕು ಅನ್ನಿಸಿದಾಗ ಯಾವ ದಾರಿ ಹಿಡಿಯುವುದು?

‘ದೊಡ್ಡ ಕಷ್ಟ ಅಂತ ಏನೂ ಇಲ್ಲ. ಆದರೂ ಸಾಕಾಗಿ ಹೋಗಿದೆ. ಸಣ್ಣದಕ್ಕೂ ರೇಗುತ್ತೇನೆ. ಏನು ಮಾಡಲಿ?’

ಈ ಪ್ರಶ್ನೆ ಈಚೆಗೆ ನನಗೆ ಪದೇ ಪದೇ ಬರುತ್ತಿದೆ. ಕೇಳುವವರು ಒಂದೇ ಥರದವರಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿ ಆಫೀಸಿಗೆ ಓಡುವವರು ಇದ್ದಾರೆ. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವವರು, ರಾತ್ರಿ ಹನ್ನೊಂದಕ್ಕೂ ಆಫೀಸಿನ ಫೋನ್ ಎತ್ತುವ ಹುಡುಗರು, ಅಂಗಡಿ ಗಲ್ಲಾದಲ್ಲಿ ಕೂತು ಸಾಲದ ಕಂತು ಲೆಕ್ಕ ಹಾಕುವವರೂ ಇದ್ದಾರೆ. ಪ್ರಶ್ನೆಯ ಹಿಂದೆಯೇ ಒಂದು ಪಟ್ಟಿಯೂ ಬರುತ್ತದೆ. ಯೋಗ ಕ್ಲಾಸಿಗೆ ಸೇರಲಾ? ವಾಕಿಂಗ್ ಶುರು ಮಾಡಲಾ? ಧ್ಯಾನದ ಆ್ಯಪ್ ಹಾಕಿಕೊಳ್ಳಲಾ? ನಾಲ್ಕು ದಿನ ಊರಿಗೆ ಹೋಗಿ ಬರಲಾ? ಇಲ್ಲಾ, ಕೌನ್ಸೆಲರ್ ಹತ್ತಿರವೇ ಹೋಗಬೇಕಾ?

ಎಲ್ಲವೂ ಒಳ್ಳೆಯದೇ ಎಂದು ಹೇಳಿಬಿಡುವುದು ಸುಲಭ. ಆದರೆ ದಣಿದವರ ಕೈಯಲ್ಲಿ ಸಮಯವೂ ಕಮ್ಮಿ, ದುಡ್ಡೂ ಕಮ್ಮಿ. ಅದನ್ನು ತಮಗೆ ಹೊಂದದ ದಾರಿಗೆ ಸುರಿದರೆ ‘ಅದನ್ನೂ ಮಾಡಿ ನೋಡಿದೆ, ನನ್ನ ಹಣೆಬರಹವೇ ಇಷ್ಟು’ ಅನ್ನುವ ಬೇಸರ ಬೇರೆ ಸೇರಿಕೊಳ್ಳುತ್ತದೆ. ಹಾಗಾಗಿ ಯಾವ ದಾರಿ ಯಾರಿಗೆ, ಎಷ್ಟು ಖರ್ಚಿಗೆ, ಎಷ್ಟು ಬೇಗ ಕೆಲಸಕ್ಕೆ ಬರುತ್ತದೆ ಎಂದು ಒಂದೊಂದಾಗಿ ತೂಗಿ ನೋಡೋಣ.

ಮೊದಲು, ನಿಮ್ಮದು ಯಾವ ಬಗೆಯದು?

‘ಸಾಕಾಗಿದೆ’ ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿ ಇರಬಹುದು.

ಒಂದು, ಕೆಲಸವೇ ನಿಜಕ್ಕೂ ಜಾಸ್ತಿ ಇರುವುದು. ಇಬ್ಬರು ಮಾಡುವಷ್ಟನ್ನು ಒಬ್ಬರೇ ಮಾಡುತ್ತಿದ್ದೀರಿ. ಎರಡು, ಕೆಲಸ ಹೇಗೋ ಸಾಗುತ್ತದೆ, ಆದರೆ ಆ ಗಳಿಗೆಯಲ್ಲಿ ಸಿಟ್ಟು ಕೈಮೀರುತ್ತದೆ. ಮಗುವಿನ ಮೇಲೆ ಕೂಗಾಡಿ ಆಮೇಲೆ ಅಳುವವರು ಈ ಬಗೆ. ಮೂರು, ದೇಹದಲ್ಲೇ ಏನೋ ಕೊರತೆ. ನಾಲ್ಕು, ವಾರಗಟ್ಟಲೆ ಮನಸ್ಸು ಮಂಕಾಗಿರುವುದು. ಇಷ್ಟದ ಊಟ, ಇಷ್ಟದ ಜನ, ಯಾವುದರಲ್ಲೂ ರುಚಿ ಇಲ್ಲ. ನಿದ್ದೆ ಬರುವುದಿಲ್ಲ, ಇಲ್ಲವೇ ಎಷ್ಟು ಮಲಗಿದರೂ ಸಾಲದು.

ಮೂರನೆಯದನ್ನು ನಮ್ಮಲ್ಲಿ ತುಂಬಾ ಜನ ಮರೆತೇ ಬಿಡುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದರೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಷ್ಟೇ ಅಲ್ಲ, ತಾಳ್ಮೆಯೂ ಬೇಗ ಕೆಡುತ್ತದೆ. ಥೈರಾಯ್ಡ್ ಏರುಪೇರಾದರೂ, ಬಿ12 ಕಮ್ಮಿಯಾದರೂ ಹೀಗೇ. ಹೆರಿಗೆಯಾದ ಮೊದಲ ತಿಂಗಳುಗಳು, ಮುಟ್ಟಿಗೆ ಮುಂಚಿನ ವಾರ, ಮುಟ್ಟು ನಿಲ್ಲುವ ವಯಸ್ಸು, ಇವೂ ಕಾರಣ ಆಗಬಹುದು. ಒಂದು ತಿಂಗಳಿಂದ ಸುಸ್ತು, ರೇಗಾಟ ಎರಡೂ ಇದ್ದರೆ ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12 ಬಗ್ಗೆ ಕೇಳಿ. ಯೋಗ ಕ್ಲಾಸಿನ ಫೀಸು ಕಟ್ಟುವುದು ಆಮೇಲೆ. ಕಬ್ಬಿಣದ ಕೊರತೆಯನ್ನು ಯಾವ ಧ್ಯಾನವೂ ತುಂಬುವುದಿಲ್ಲ.

ಯಾವ ಅಳತೆಯಿಂದ ತೂಗುವುದು?

ನಾನು ಪ್ರತಿ ದಾರಿಗೂ ಕೇಳುವ ಪ್ರಶ್ನೆಗಳು ಇವು. ಎಷ್ಟು ಬೇಗ ಹಗುರ ಆಗುತ್ತದೆ? ಆ ಹಗುರ ಎಷ್ಟು ದಿನ ನಿಲ್ಲುತ್ತದೆ? ದುಡ್ಡು ಎಷ್ಟು, ಸಮಯ ಎಷ್ಟು? ಮನೆಯವರಿಗೆ ಗೊತ್ತಾಗದೆ ಮಾಡಬಹುದಾ, ಇಲ್ಲಾ ಅವರ ಒಪ್ಪಿಗೆ ಬೇಕಾ? ಕೊನೆಯದು ನನ್ನ ಪ್ರಕಾರ ಮುಖ್ಯವಾದದ್ದು. ಇದು ಕಾರಣವನ್ನು ಮುಟ್ಟುತ್ತದಾ, ಇಲ್ಲಾ ನಾನು ಇನ್ನೂ ಸ್ವಲ್ಪ ದಿನ ಸಹಿಸಿಕೊಳ್ಳುವ ಹಾಗೆ ಮಾಡುತ್ತದಾ? ಸಹಿಸಿಕೊಳ್ಳುವ ಶಕ್ತಿಯೂ ಬೇಕು. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಇಡೀ ಮನೆಯ, ಇಡೀ ಆಫೀಸಿನ ಭಾರ ಸಹಿಸಿಕೊಳ್ಳುವವರ ಮೇಲೇ ಬೀಳುತ್ತದೆ.

ಉಸಿರಾಟ: ಆ ಗಳಿಗೆಗೆ ಇದಕ್ಕಿಂತ ಬೇರೆ ಬೇಡ

ಸಿಟ್ಟು ನೆತ್ತಿಗೇರಿದಾಗ ‘ಒಳಗೆ ಇಟ್ಟುಕೊಳ್ಳಬೇಡ, ಹೊರಗೆ ಹಾಕಿಬಿಡು’ ಎಂದು ಹೇಳುವವರು ತುಂಬಾ. ದಿಂಬಿಗೆ ಗುದ್ದು, ಜೋರಾಗಿ ಕೂಗು ಎಂದು. ದುಡ್ಡು ಕೊಟ್ಟರೆ ಸಾಮಾನು ಒಡೆಯಲು ಬಿಡುವ ಕೋಣೆಗಳೂ ಬಂದಿವೆ. ಆದರೆ 2024ರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡದ್ದು ಬೇರೆ. ಮೈಯ ಬಿಸಿ ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರಾಟ, ಧ್ಯಾನ, ಯೋಗ, ಸಿಟ್ಟನ್ನು ಇಳಿಸುತ್ತವೆ. ಎದೆಬಡಿತ ಏರಿಸುವ ಕೆಲಸಗಳಿಂದ ಒಟ್ಟಾರೆ ಆ ಲಾಭ ಕಾಣಲಿಲ್ಲ. ಜಾಗಿಂಗ್‌ನಿಂದಂತೂ ಸಿಟ್ಟು ಏರುವ ಸಂಭವವೇ ಹೆಚ್ಚಿತ್ತು.

ಮಾಡುವುದು ಹೇಗೆ? ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಅದರ ಮೇಲೇ ಇನ್ನೊಂದು ಚಿಕ್ಕ ಉಸಿರು ಎಳೆಯಿರಿ. ಆಮೇಲೆ ಬಾಯಿಂದ ನಿಧಾನವಾಗಿ, ಪೂರ್ತಿ ಬಿಡಿ. ಬಿಡುವ ಹೊತ್ತು ಎಳೆಯುವ ಹೊತ್ತಿಗಿಂತ ಉದ್ದ ಇರಲಿ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಮಾಡಿಸಿ ನೋಡಿದರು. ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಇವರ ಮನಸ್ಸಿನ ಉಲ್ಲಾಸ ಹೆಚ್ಚು ಸುಧಾರಿಸಿತ್ತು. ಭ್ರಾಮರಿ ಗೊತ್ತಿದ್ದವರು ಅದನ್ನೇ ಮಾಡಬಹುದು. ಗುಂಯ್ ಎನ್ನುತ್ತಾ ಉಸಿರು ಬಿಡುವಾಗ ಅದು ತಾನಾಗೇ ಉದ್ದ ಆಗುತ್ತದೆ.

ಖರ್ಚು ಸೊನ್ನೆ, ಯಾರಿಗೂ ಗೊತ್ತಾಗುವುದಿಲ್ಲ, ಬಸ್ಸಿನಲ್ಲಿ ನಿಂತೂ ಮಾಡಬಹುದು. ಮಿತಿಯೂ ಅಷ್ಟೇ ಸ್ಪಷ್ಟ. ಮುಂದಿನ ಹತ್ತು ನಿಮಿಷ ಕಾಪಾಡುತ್ತದೆ, ಮುಂದಿನ ತಿಂಗಳನ್ನು ಕಾಪಾಡುವುದಿಲ್ಲ. ಇನ್ನೊಂದು ಮಾತು. ಉಸಿರನ್ನೇ ಗಮನಿಸುತ್ತಾ ಕೂತರೆ ಎದೆ ಇನ್ನೂ ಹೊಡೆದುಕೊಳ್ಳುವವರು ಕೆಲವರಿದ್ದಾರೆ, ಅದರಲ್ಲೂ ಮುಂಚೆ ಗಾಬರಿಯ ಅನುಭವ ಆದವರು. ಅವರು ಹಟ ಹಿಡಿಯುವುದು ಬೇಡ. ಮುಖಕ್ಕೆ ತಣ್ಣೀರು ಹಾಕಿಕೊಂಡು, ಆ ಕೋಣೆಯಿಂದ ಈಚೆ ಬಂದು ನಿಂತರೂ ಸಾಕು.

ನಡಿಗೆ: ನಿಧಾನಕ್ಕೆ ಫಲ ಕೊಡುವುದು

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮ. ವಾರದಲ್ಲಿ ಐದು ದಿನ ಅರ್ಧ ಗಂಟೆ ಎಂದು ಲೆಕ್ಕ. ನಿದ್ದೆ ಸುಧಾರಿಸುತ್ತದೆ, ಮಂಕು ಕಡಿಮೆಯಾಗುತ್ತದೆ. ಆದರೆ ಅದು ಗೊತ್ತಾಗಲು ಕೆಲವು ವಾರ ಬೇಕು. ಹಾಗಾಗಿ ನಾಲ್ಕನೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ.

ನಡಿಗೆಗೆ ದುಡ್ಡು ಬೇಡ, ಸಮಯ ಬೇಕು. ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಆರಕ್ಕೆ ಗಂಡ ವಾಕಿಂಗ್ ಹೋಗುತ್ತಾರೆ, ಹೆಂಡತಿ ಆ ಹೊತ್ತಿಗೆ ಒಲೆ ಮುಂದೆ ಇರುತ್ತಾರೆ. ಅಂಥ ಮನೆಯಲ್ಲಿ ‘ನೀನೂ ವಾಕಿಂಗ್ ಮಾಡು’ ಅನ್ನುವ ಸಲಹೆಗೆ ಬೆಲೆ ಬರಬೇಕಾದರೆ, ಆ ಅರ್ಧ ಗಂಟೆ ಒಲೆ ಮುಂದೆ ಯಾರು ಎಂಬುದು ಮೊದಲು ತೀರ್ಮಾನ ಆಗಬೇಕು. ಸಮಯ ಕೈಯಲ್ಲಿದ್ದು ಕೂತೇ ಕೆಲಸ ಮಾಡುವವರಿಗೆ ನನ್ನ ಮೊದಲ ಸಲಹೆ ನಡಿಗೆಯೇ. ಇಡೀ ದಿನ ನಿಂತು ಕೆಲಸ ಮಾಡಿ ಕಾಲು ಊದಿಕೊಂಡವರಿಗೆ ಇದನ್ನು ಹೇಳುವುದಿಲ್ಲ. ಅವರಿಗೆ ಆ ಅರ್ಧ ಗಂಟೆ ಮಲಗಲು ಬೇಕು.

ಬರೆಯುವುದು: ಎರಡು ಬಗೆ, ಎರಡು ಉಪಯೋಗ

ರಾತ್ರಿ ಮಲಗಿದ ಮೇಲೆ ‘ನಾಳೆ ಗ್ಯಾಸ್ ಬುಕ್ ಮಾಡಬೇಕು, ಮಗನ ಪ್ರಾಜೆಕ್ಟಿಗೆ ಥರ್ಮೋಕೋಲ್ ತರಬೇಕು’ ಎಂದು ತಲೆ ಓಡುವವರಿಗೆ ಪಟ್ಟಿ ಬರೆಯುವುದು ಒಳ್ಳೆಯದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರಿಗೆ ಮುಗಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಪಟ್ಟಿ ಬಿಡಿಬಿಡಿಯಾಗಿ, ವಿವರವಾಗಿ ಇದ್ದಷ್ಟೂ ನಿದ್ದೆ ಬೇಗ. ಚಿಕ್ಕ ಅಧ್ಯಯನವೇ. ಆದರೆ ಒಂದು ಪೆನ್ನು, ಒಂದು ಹಾಳೆ, ಐದು ನಿಮಿಷದಲ್ಲಿ ನೀವೇ ಇವತ್ತು ಮಾಡಿ ನೋಡಬಹುದು.

ಇನ್ನೊಂದು, ಮನಸ್ಸಿನಲ್ಲಿ ಇರುವುದನ್ನೆಲ್ಲ ಸುರಿದು ಬರೆಯುವುದು. ಈ ಕುರಿತ ಪ್ರಸಿದ್ಧ ಪ್ರಯೋಗ 1986ರದ್ದು. ಜೇಮ್ಸ್ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದರು. ಗಮನಿಸಿ, ಬರೆದು ಮುಗಿಸಿದ ತಕ್ಷಣ ಅವರಿಗೆ ಮನಸ್ಸು ಇನ್ನೂ ಭಾರ ಅನ್ನಿಸಿತ್ತು. ಲಾಭ ಕಂಡದ್ದು ಆಮೇಲಿನ ತಿಂಗಳುಗಳಲ್ಲಿ. ಆದ್ದರಿಂದ ನಾಳೆ ಬೆಳಿಗ್ಗೆ ಮುಖ್ಯ ಮೀಟಿಂಗ್ ಇದೆ, ಮಗಳ ಪರೀಕ್ಷೆ ಇದೆ ಅನ್ನುವ ರಾತ್ರಿ ಇದಕ್ಕೆ ಕೈಹಾಕಬೇಡಿ. ಯಾರಾದರೂ ಓದುತ್ತಾರೆ ಎಂಬ ಭಯ ಇದ್ದರೆ ಬರೆದು ಹರಿದು ಹಾಕಿ.

ಹೊರೆ ಇಳಿಸುವುದು: ಕಷ್ಟದ ದಾರಿ, ಆದರೆ ಬೇರಿಗೆ ಮುಟ್ಟುವ ದಾರಿ

ತಲೆ ಮೇಲೆ ಎರಡು ಕೊಡ, ಕಂಕುಳಲ್ಲಿ ಒಂದು ಕೊಡ ಹೊತ್ತವರಿಗೆ ನೆಟ್ಟಗೆ ನಡೆಯುವುದು ಹೇಗೆಂದು ಹೇಳಿಕೊಡುವ ಬದಲು ಒಂದು ಕೊಡ ಇಸಿದುಕೊಳ್ಳಬೇಕು. ಸಲಹೆ ಕೊಡುವವರು ಇದನ್ನು ಹೇಳುವುದು ಕಡಿಮೆ, ಯಾಕೆಂದರೆ ಇದರಲ್ಲಿ ಬೇರೆಯವರೂ ಬದಲಾಗಬೇಕು.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಹೇಳುವುದನ್ನು ನೋಡಿ. ಮನೆಗೆಲಸ ಮಾಡುವ ಹೆಂಗಸರು ಸರಾಸರಿ ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ ಒಂದು ಕಡೆ, ಒಂದೂವರೆ ಗಂಟೆ ಇನ್ನೊಂದು ಕಡೆ. ಕೈಯಲ್ಲಿ ಮಾಡುವ ಕೆಲಸದ ಲೆಕ್ಕ ಇದು. ತಲೆಯಲ್ಲಿ ಇಟ್ಟುಕೊಳ್ಳುವ ಕೆಲಸ ಇದರ ಮೇಲೆ.

ದಾವಣಗೆರೆಯಲ್ಲಿ ಟೀಚರ್ ಆಗಿರುವ ನನ್ನ ಚಿಕ್ಕಮ್ಮನ ಮಗಳು ಒಂದು ಭಾನುವಾರ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ತನ್ನ ತಲೆಯಲ್ಲಿ ಇದ್ದದ್ದನ್ನೆಲ್ಲ ಬರೆದಳು. ಅತ್ತೆಯ ಬಿಪಿ ಮಾತ್ರೆ ಬುಧವಾರಕ್ಕೆ ಮುಗಿಯುತ್ತದೆ. ಮಗಳ ಯೂನಿಫಾರ್ಮಿನ ಹೆಮ್ ಬಿಚ್ಚಿದೆ. ಕರೆಂಟ್ ಬಿಲ್ಲು. ಹಾಲಿನವನ ಲೆಕ್ಕದಲ್ಲಿ ಎರಡು ದಿನ ತಪ್ಪಿದೆ. ಮೈದುನನ ಮಗುವಿನ ನಾಮಕರಣಕ್ಕೆ ಏನು ಮುಯ್ಯಿ? ಸಿಂಕ್ ಸೋರುತ್ತಿದೆ, ಪ್ಲಂಬರ್ ಫೋನ್ ಎತ್ತುತ್ತಿಲ್ಲ. ದೋಸೆಗೆ ಅಕ್ಕಿ ನೆನೆಹಾಕಬೇಕು. ಶಾಲೆಯ ಗ್ರೂಪಿನಲ್ಲಿ ಫೋಟೊ ಕೇಳಿದ್ದಾರೆ. ಹಾಳೆ ತುಂಬಿ ಅಂಚಿಗೆ ಬಂತು, ಅಂಚಿನಲ್ಲಿ ಅಡ್ಡಡ್ಡ ಬರೆದಳು.

ಅವಳ ಗಂಡ ಅದನ್ನು ಓದಿ, ‘ನೀನು ಹೇಳಿದ್ರೆ ನಾನು ಮಾಡ್ತಿದ್ನಲ್ಲ’ ಎಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೆ ಅವಳು, ‘ನೋಡ್ರೀ, ನೆನಪಿಟ್ಕೊಂಡು ಹೇಳೋದೇ ನಂಗೆ ಸಾಕಾಗಿರೋದು’ ಎಂದಳು.

ಇಲ್ಲಿಂದ ಅವರು ಮಾಡಿದ್ದು ನನಗೆ ತುಂಬಾ ಹಿಡಿಸಿತು. ಬಿಡಿ ಕೆಲಸ ಹಂಚಿಕೊಳ್ಳಲಿಲ್ಲ, ಇಡೀ ವಿಷಯವನ್ನೇ ಹಂಚಿಕೊಂಡರು. ಅತ್ತೆಯ ಔಷಧಿ ಪೂರ್ತಿ ಗಂಡನದ್ದು. ಮಾತ್ರೆ ಎಷ್ಟು ಉಳಿದಿದೆ ಎಂದು ನೋಡುವುದು, ತರುವುದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಚೀಟಿ ಜೋಪಾನ ಮಾಡುವುದು ಎಲ್ಲ. ಬಿಲ್ಲುಗಳು, ರಿಪೇರಿ ಕೂಡ ಹಾಗೇ. ಮೊದಲ ತಿಂಗಳು ಜಗಳ ಆಯಿತು. ಮಾತ್ರೆ ಒಂದು ದಿನ ತಪ್ಪಿತು, ಅತ್ತೆ ಸೊಸೆಯನ್ನೇ ಕೇಳಿದರು. ಅವಳು ‘ನಿಮ್ಮ ಮಗನ್ನ ಕೇಳಿ ಅತ್ತೆ, ಈಗ ಅವ್ರೇ ನೋಡ್ಕೊಳ್ಳೋದು’ ಎಂದು ಮೆತ್ತಗೆ ಹೇಳಿ ಸುಮ್ಮನಾದಳು. ಆ ಸುಮ್ಮನಾಗುವುದೇ ತುಂಬಾ ಕಷ್ಟ. ನಡುವೆ ಹೋಗಿ ತಾನೇ ಮಾಡಿಬಿಟ್ಟರೆ ವಿಷಯ ಮತ್ತೆ ಅವಳ ತಲೆಗೇ ವಾಪಸ್.

ಈ ದಾರಿಯ ಬೆಲೆ ಹೀಗಿದೆ. ಬೇಗ ಹಗುರ ಆಗುವುದಿಲ್ಲ, ಶುರುವಿನಲ್ಲಿ ಕಿರಿಕಿರಿ ಜಾಸ್ತಿಯೇ ಆಗುತ್ತದೆ. ಗುಟ್ಟಾಗಿ ಮಾಡಲು ಆಗುವುದಿಲ್ಲ. ಕೆಲಸ ನಿಮ್ಮಷ್ಟು ಅಚ್ಚುಕಟ್ಟಾಗಿ ಆಗದೆ ಇರಬಹುದು. ಆದರೆ ಒಮ್ಮೆ ನೆಲೆಗೊಂಡರೆ ದಿನಾ ಫಲ ಕೊಡುತ್ತದೆ.

ಮನೆಯಲ್ಲಿ ಹಂಚಿಕೊಳ್ಳುವವರೇ ಇಲ್ಲದಿದ್ದರೆ? ಒಬ್ಬರೇ ಮಗು ಬೆಳೆಸುತ್ತಿದ್ದೀರಿ, ಗಂಡ ದೂರದ ಊರಲ್ಲಿದ್ದಾರೆ, ಇಲ್ಲವೇ ಎಷ್ಟು ಹೇಳಿದರೂ ಕೇಳುವವರಲ್ಲ. ಆಗ ಕೈಯಲ್ಲಿರುವ ದುಡ್ಡನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ. ತಿಂಗಳಿಗೆ ಒಂದೂವರೆ ಸಾವಿರ ಹೊಂದಿಸಬಲ್ಲಿರಿ ಎಂದುಕೊಳ್ಳಿ. ಯೋಗ ಕ್ಲಾಸಿಗೋ, ಪಾತ್ರೆ ತೊಳೆಯಲು ಬರುವವರಿಗೋ? ಕೆಲಸದ ಹೊರೆಯೇ ಕಾರಣವಾದವರಿಗೆ ಎರಡನೆಯದೇ ಸರಿ ಎಂದು ನನ್ನ ಅಭಿಪ್ರಾಯ. ಊರು ನೋಡಿ ಸಂಬಳ ಬದಲಾಗುತ್ತದೆ, ಆದರೆ ಎಷ್ಟೋ ಕಡೆ ಎರಡಕ್ಕೂ ಖರ್ಚು ಹತ್ತಿರ ಹತ್ತಿರವೇ. ಯೋಗ ವಾರಕ್ಕೆ ನಾಲ್ಕೈದು ಗಂಟೆ ಕೇಳುತ್ತದೆ, ಸಹಾಯದವರು ಅಷ್ಟೇ ಗಂಟೆ ನಿಮಗೆ ವಾಪಸ್ ಕೊಡುತ್ತಾರೆ. ಅವರಿಗೂ ವಾರದ ರಜೆ, ಸರಿಯಾದ ಸಂಬಳ ಕೊಡಿ. ಒಬ್ಬರ ಹೊರೆ ಇಳಿಸಲು ಇನ್ನೊಬ್ಬರಿಗೆ ಸುಸ್ತು ದಾಟಿಸಿದರೆ ನ್ಯಾಯ ಆಗುವುದಿಲ್ಲ.

ಆಫೀಸಿನ ಹೊರೆಗೆ ‘ಆಗಲ್ಲ’ ಎನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಎಲ್ಲರ ಕೆಲಸವೂ ಅಷ್ಟು ಭದ್ರವಲ್ಲ. ಅಂಥವರು ‘ಸರ್, ಈ ಮೂರರಲ್ಲಿ ಈ ವಾರ ಯಾವುದು ಮೊದಲು ಬೇಕು?’ ಎಂದು ಬರಹದಲ್ಲೇ ಕೇಳಿ. ಆಯ್ಕೆ ಅವರೇ ಮಾಡಿದರೆ ಉಳಿದದ್ದು ತಡವಾದಾಗ ತಪ್ಪು ಪೂರ್ತಿ ನಿಮ್ಮ ತಲೆಗೆ ಬರುವುದಿಲ್ಲ. ಜತೆಗೆ ವಾಟ್ಸ್‌ಆ್ಯಪ್ ಗ್ರೂಪುಗಳನ್ನು ಮ್ಯೂಟ್ ಮಾಡಿ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ನೀರಿನ ಟ್ಯಾಂಕರ್ ಬಗ್ಗೆ ನಡೆಯುವ ವಾದ ನಿಮಗೆ ಸಂಜೆ ಒಂದು ಸಲ ಓದಿದರೆ ಸಾಕು.

ರಜೆ, ಶಿಬಿರ, ಆ್ಯಪ್

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿಗೆ ಹೋಗಿ ಬಂದರೆ ಖುಷಿಯೇ. ಆದರೆ ವಾಪಸ್ ಬಂದಾಗ ಕೆಲಸ ಅಷ್ಟೂ ಕಾದಿದ್ದರೆ ಆ ಹಗುರ ಬೇಗ ಕರಗುತ್ತದೆ. ಬ್ಯಾಗ್ ಕಟ್ಟುವುದರಿಂದ ಹಿಡಿದು ಮಕ್ಕಳ ಬಟ್ಟೆ ಒಗೆಯುವವರೆಗೆ ಎಲ್ಲ ಒಬ್ಬರೇ ಮಾಡುವ ಪ್ರವಾಸವಾದರೆ ಅದನ್ನು ರಜೆ ಎಂದು ಲೆಕ್ಕ ಹಾಕಬೇಡಿ.

ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಬೆಂಗಳೂರಿನ ಹೊರಗೆ ತುಮಕೂರು ರಸ್ತೆ ಕಡೆ ಕೇಂದ್ರ ಇದೆ. ಫೀಸು ಇಲ್ಲ, ಮುಗಿಸಿದವರು ಕೊಟ್ಟ ಕಾಣಿಕೆಯಿಂದ ನಡೆಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ಮೌನ ಪಾಲಿಸಬೇಕು, ಫೋನ್ ಒಪ್ಪಿಸಬೇಕು. ಮನಸ್ಸು ಗಟ್ಟಿ ಇರುವಾಗ ಹೋಗಲು ಒಳ್ಳೆಯದು. ತೀರಾ ಕುಸಿದಿರುವಾಗ ಇದಕ್ಕೆ ಹೋಗಬೇಡಿ. ಗಂಭೀರ ಮಾನಸಿಕ ಕಾಯಿಲೆ ಇರುವವರಿಗೆ ಇದು ತಕ್ಕದ್ದಲ್ಲ ಎಂದು ನಡೆಸುವವರೇ ಹೇಳುತ್ತಾರೆ.

ಧ್ಯಾನದ ಆ್ಯಪ್ ದಿನಚರಿ ನೆನಪಿಸಲು ಸಾಕು. ದುಡ್ಡು ಕಟ್ಟುವ ಮುಂಚೆ ಉಚಿತ ಭಾಗವನ್ನು ಎರಡು ವಾರ ಬಳಸಿ ನೋಡಿ. ಫೋನೇ ನಿಮ್ಮ ಕಿರಿಕಿರಿಗೆ ಕಾರಣವಾಗಿದ್ದರೆ ಇದು ನಿಮ್ಮ ದಾರಿಯಲ್ಲ.

ಆಪ್ತರ ಹತ್ತಿರ ಹೇಳಿಕೊಳ್ಳುವುದೋ, ಕೌನ್ಸೆಲರೋ?

ಹೇಳಿಕೊಳ್ಳಲು ಒಬ್ಬ ಅಕ್ಕನೋ ಗೆಳೆಯನೋ ಇದ್ದರೆ ಅದು ದೊಡ್ಡ ಭಾಗ್ಯ. ತೊಂದರೆ ಎಂದರೆ ನಮ್ಮವರು ತಕ್ಷಣ ಸಲಹೆಗೆ ಇಳಿಯುತ್ತಾರೆ. ‘ಅಯ್ಯೋ, ಎಲ್ಲರ ಮನೆ ದೋಸೆನೂ ತೂತೇ ಬಿಡು’ ಎಂದು ಮುಗಿಸಿಬಿಡುತ್ತಾರೆ. ಮೊದಲೇ ಹೇಳಿಬಿಡಿ: ‘ಈಗ ಸಲಹೆ ಬೇಡ ಕಣೇ, ಸುಮ್ನೆ ಹತ್ತು ನಿಮಿಷ ಕೇಳಿಸ್ಕೋ.’ ಇನ್ನೊಂದು ತೊಂದರೆ, ಮಾತು ಹೊರಗೆ ಹೋಗುವ ಭಯ. ಅತ್ತೆ ಮನೆ, ಆಸ್ತಿ, ಗಂಡ–ಹೆಂಡತಿ ವಿಷಯ ಆಗಿದ್ದರೆ ಬಂಧುಗಳಿಗಿಂತ ಹೊರಗಿನವರೇ ವಾಸಿ.

ಹೊರಗಿನವರಲ್ಲಿ ಅಗ್ಗದ್ದೂ ಹತ್ತಿರದ್ದೂ ಎಂದರೆ ಟೆಲಿ ಮಾನಸ್. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸೇವೆ ಇದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ತರಬೇತಿ ಪಡೆದ ಕೌನ್ಸೆಲರ್ ಮೊದಲು ಕೇಳಿಸಿಕೊಳ್ಳುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಫೋನ್ ಮಾಡಿದಾಗ ಏನು ಹೇಳುವುದು ಎಂದು ತಡಕಾಡಬೇಡಿ. ‘ಒಂದು ತಿಂಗಳಿಂದ ಸರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ಕೂಗಾಡ್ತೀನಿ’ ಎಂದು ಶುರು ಮಾಡಿದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ. ಇದರ ಮಿತಿ, ಮುಂದಿನ ಸಲವೂ ಅದೇ ವ್ಯಕ್ತಿ ಸಿಗುತ್ತಾರೆ ಎಂಬ ಭರವಸೆ ಇಲ್ಲ. ಒಂದು ಕಷ್ಟದ ರಾತ್ರಿಗೆ, ಮುಂದೆ ಎಲ್ಲಿ ಹೋಗಬೇಕು ಎಂದು ತಿಳಿಯಲು ತುಂಬಾ ಒಳ್ಳೆಯದು. ತಿಂಗಳುಗಟ್ಟಲೆ ಎಳೆ ಎಳೆಯಾಗಿ ಬಿಡಿಸಬೇಕಾದ ವಿಷಯಕ್ಕೆ ಒಬ್ಬರೇ ಕೌನ್ಸೆಲರ್ ಬೇಕು.

ಖಾಸಗಿ ಕೌನ್ಸೆಲಿಂಗ್‌ಗೆ ಬೆಂಗಳೂರಿನಂಥ ಊರಲ್ಲಿ 45–50 ನಿಮಿಷದ ಒಂದು ಭೇಟಿಗೆ ಸಾವಿರದ ಆಸುಪಾಸಿನಿಂದ ಎರಡು ಸಾವಿರ, ಅದಕ್ಕೂ ಮೇಲೆ ಆಗುತ್ತದೆ. ನಾಲ್ಕಾರು ಭೇಟಿ ಆದರೂ ಬೇಕಾಗುತ್ತದೆ ಎಂದು ಲೆಕ್ಕ ಹಾಕಿ ಹೊರಡಿ. ಒಂದೇ ಭೇಟಿಗೆ ದುಡ್ಡಿದೆ ಅಂದರೆ ಅದನ್ನು ಅಲ್ಲಿ ಖರ್ಚು ಮಾಡುವ ಬದಲು ಸರ್ಕಾರಿ ದಾರಿ ಹಿಡಿಯಿರಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡೂ ಇದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಮೊದಲು ವಿಚಾರಿಸಿ. ಇಲ್ಲಿ ದುಡ್ಡು ಉಳಿಯುತ್ತದೆ, ಕಾಯುವುದು ಜಾಸ್ತಿ, ಸಿಗುವ ಸಮಯ ಕಮ್ಮಿ. ಒಂದು ದಿನದ ಕೂಲಿ ಬಿಟ್ಟು ಬರುವವರು ಇದನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು.

ಯಾರ ಹತ್ತಿರ ಹೋಗುತ್ತಿದ್ದೀರಿ ಎಂದು ಕೇಳಿ ತಿಳಿಯಿರಿ. ಮನೋವೈದ್ಯರು ಎಂದರೆ ಡಾಕ್ಟರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಕೌನ್ಸೆಲರ್ ಎಂದು ಬೋರ್ಡ್ ಹಾಕಿಕೊಂಡವರ ಓದು ತುಂಬಾ ಬೇರೆ ಬೇರೆ ಇರುತ್ತದೆ. ‘ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿದ್ದೀರಿ?’ ಎಂದು ಕೇಳಲು ಹಿಂಜರಿಯಬೇಡಿ. ಗುಟ್ಟಿನ ಭಯಕ್ಕೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿವರ ಗೋಪ್ಯವಾಗಿ ಉಳಿಯುವ ಹಕ್ಕು ರೋಗಿಗೆ ಇದೆ. ಆರೋಗ್ಯ ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ನೋಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಮಾತ್ರೆ ಎಂದರೆ ಹೆದರುವವರಿಗೆ: ಎಲ್ಲರಿಗೂ ಬರೆಯುವುದಿಲ್ಲ. ಖಿನ್ನತೆಗೆ ಬರೆದರೆ ಪೂರ್ತಿ ಫಲ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಒಂದು ವಾರಕ್ಕೇ ಬಿಡುವುದೂ ತಪ್ಪು, ಹುಷಾರಾದೆ ಎಂದು ನೀವೇ ತಟ್ಟನೆ ನಿಲ್ಲಿಸುವುದೂ ತಪ್ಪು.

ಯಾರಿಗೆ ಯಾವುದು?

ದುಡ್ಡೂ ಇಲ್ಲ, ಸಮಯವೂ ಇಲ್ಲ ಅನ್ನುವವರು ಇವತ್ತು ರಾತ್ರಿ ಪಟ್ಟಿ ಬರೆಯಿರಿ, ಸಿಟ್ಟು ಬಂದಾಗ ಐದು ನಿಮಿಷ ಉಸಿರು ನೋಡಿಕೊಳ್ಳಿ. ಪಟ್ಟಿಯಲ್ಲಿ ಕೈಬಿಡಬಹುದಾದ ಎರಡು ಕೆಲಸಕ್ಕೆ ಗೀಟು ಹಾಕಿ. ಹಬ್ಬಕ್ಕೆ ಐದು ಬಗೆ ಸಿಹಿ ಮಾಡುವುದು, ದಿನಾ ಇಸ್ತ್ರಿ ಮಾಡುವುದು, ಇಂಥವು ಗೀಟಿಗೆ ಮೊದಲು ಸಿಗುತ್ತವೆ.

ಸಮಯ ಇದೆ, ಮನಸ್ಸು ಮಂಕು ಅನ್ನುವವರು, ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವ ಒಂಟಿ ಹುಡುಗರು ನಡಿಗೆಯಿಂದ ಶುರು ಮಾಡಿ. ಸಾಧ್ಯವಾದರೆ ಜತೆಗೊಬ್ಬರು ಇರಲಿ, ಅದರಲ್ಲೇ ಮಾತೂ ಆಗುತ್ತದೆ.

ದುಡ್ಡು ಇದೆ, ಸಮಯ ಇಲ್ಲ ಅನ್ನುವ ದುಡಿಯುವ ದಂಪತಿ ಮೊದಲು ಕೆಲಸಕ್ಕೆ ಸಹಾಯದವರನ್ನು ಇಟ್ಟುಕೊಳ್ಳಿ, ವಿಷಯಗಳನ್ನು ಹಂಚಿಕೊಳ್ಳಿ. ಎರಡು ತಿಂಗಳಾದರೂ ಹಂಚಿಕೆಯೇ ಜಗಳವಾಗಿ ನಿಂತರೆ ಇಬ್ಬರೂ ಒಟ್ಟಿಗೆ ಕೌನ್ಸೆಲರ್ ಹತ್ತಿರ ಹೋಗಿ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದ್ದು ಅವರ ಜಾಗದಲ್ಲಿ ನಿಲ್ಲುವ ಇನ್ನೊಬ್ಬರು. ದೂರದಲ್ಲಿರುವ ಅಣ್ಣ ತಮ್ಮಂದಿರಿಗೆ ‘ಸ್ವಲ್ಪ ಸಹಾಯ ಮಾಡಿ’ ಎಂದರೆ ದುಡ್ಡು ಕಳಿಸಿ ಸುಮ್ಮನಾಗುತ್ತಾರೆ. ‘ಈ ತಿಂಗಳ ಎರಡನೇ ಶನಿವಾರ, ಭಾನುವಾರ ನೀನು ಬಂದು ಇರು’ ಎಂದು ದಿನ ಹೇಳಿ ಕೇಳಿ.

ಮನೆಯಲ್ಲಿ ಹೊಡೆತ, ಬೆದರಿಕೆ ಇರುವವರಿಗೆ ಮೇಲಿನ ಯಾವ ಹೋಲಿಕೆಯೂ ಅನ್ವಯಿಸುವುದಿಲ್ಲ. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಮಹಿಳಾ ಸಹಾಯವಾಣಿ 181, ತುರ್ತಾದರೆ 112. ಹಾಗೆಯೇ, ಬದುಕಿರುವುದೇ ಬೇಡ ಅನ್ನಿಸುತ್ತಿದ್ದರೆ ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, 14416ಕ್ಕೆ ಈಗಲೇ ಫೋನ್ ಮಾಡಿ, ಹತ್ತಿರದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಯಾವುದನ್ನು ಆರಿಸಿಕೊಂಡರೂ ಗಡುವು ಇಟ್ಟುಕೊಳ್ಳಿ. ಉಸಿರಾಟಕ್ಕೆ ಎರಡು ವಾರ, ನಡಿಗೆಗೆ ಆರು ವಾರ, ಹೊರೆ ಹಂಚಿಕೆಗೆ ಎರಡು ತಿಂಗಳು, ಕೌನ್ಸೆಲಿಂಗ್‌ಗೆ ನಾಲ್ಕೈದು ಭೇಟಿ. ಅಷ್ಟರಲ್ಲಿ ನಿದ್ದೆ ಸುಧಾರಿಸಿದೆಯಾ, ಕೂಗಾಟ ಕಡಿಮೆಯಾಗಿದೆಯಾ ಎಂದು ಮನೆಯವರನ್ನೂ ಕೇಳಿ ನೋಡಿ. ಎಷ್ಟೋ ಸಲ ಬದಲಾವಣೆ ನಮಗಿಂತ ಮೊದಲು ಮಕ್ಕಳಿಗೆ ಕಾಣುತ್ತದೆ. ಏನೂ ಬದಲಾಗದಿದ್ದರೆ ದಾರಿ ಬದಲಿಸಿ. ಕೌನ್ಸೆಲರ್ ಹೊಂದಲಿಲ್ಲ ಎಂದು ಬಿಡುವಾಗ ಕಾರಣ ವಿವರಿಸುತ್ತಾ ಕೂರಬೇಕಿಲ್ಲ. ‘ಮುಂದಿನ ವಾರದಿಂದ ಬರುತ್ತಿಲ್ಲ ಮೇಡಂ, ಇಲ್ಲಿವರೆಗೆ ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್’ ಎಂದು ಒಂದು ಮೆಸೇಜ್ ಹಾಕಿ, ಇನ್ನೊಬ್ಬರ ಹತ್ತಿರ ಟೈಮ್ ತೆಗೆದುಕೊಳ್ಳಿ.